ಇಳಿವಯಸ್ಸಿನ ನೆನಪು ಮತ್ತು ಒಡನಾಟ: ಗಡಿನಾಡಿನ ಮನೆಗಳಿಗೊಂದು ಕೈಪಿಡಿ

ಕಾಸರಗೋಡಿನ ಮೂಡು ಭಾಗದಲ್ಲಿ, ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಅಡೂರು ಕಡೆಯ ಊರುಗಳಲ್ಲಿ, ಮನೆಗಳು ಬೀದಿಯ ಇಕ್ಕೆಲಗಳಲ್ಲಿ ಸಾಲಾಗಿ ಇರುವುದಿಲ್ಲ. ಗುಡ್ಡದ ಬುಡದಲ್ಲಿ ಒಂದು ಮನೆ, ಅದರ ಕೆಳಗೆ ಅಡಿಕೆ ತೋಟ, ತೋಟದ ಅಂಚಿಗೆ ತೋಡು, ತೋಡಿನ ಸಂಕ (ಕಿರುಸೇತುವೆ) ದಾಟಿ ಇನ್ನೊಂದು ಏರು ಹತ್ತಿದರೆ ನೆರೆಮನೆ. ಮನೆ ತುಂಬ ಜನರಿದ್ದ ಕಾಲದಲ್ಲಿ ಈ ದೂರ ಯಾರಿಗೂ ದೂರವೆನಿಸಿರಲಿಲ್ಲ. ಮಕ್ಕಳು ಬೆಂಗಳೂರಿಗೋ ಗಲ್ಫಿಗೋ ಹೋಗಿ, ಮೊಮ್ಮಕ್ಕಳು ರಜೆಗೆ ಮಾತ್ರ ಬಂದು ಹೋಗುವ ಈಗಿನ ದಿನಗಳಲ್ಲಿ, ಮೊಣಕಾಲು ನೋವಿರುವ ಎಪ್ಪತ್ತೈದರ ಅಜ್ಜಿಗೆ ಆ ಸಂಕವೇ ಗಡಿಯಾಗಿಬಿಡುತ್ತದೆ. ವಾರಗಟ್ಟಲೆ ಅವರ ಮಾತುಕತೆಯೆಂದರೆ ಹಾಲಿನವನೊಂದಿಗೆ ಎರಡು ಮಾತು, ತೋಟದ ಕೆಲಸಕ್ಕೆ ಬಂದವರೊಂದಿಗೆ ನಾಲ್ಕು ಮಾತು, ರಾತ್ರಿ ಮಗನ ವಿಡಿಯೋ ಕಾಲ್‌ನಲ್ಲಿ "ಊಟ ಆಯ್ತಾ, ಮಾತ್ರೆ ತೆಗೊಂಡ್ರಾ" ಎಂಬ ವಿಚಾರಣೆ, ಅಷ್ಟೆ.

ಅಂತಹ ಹಿರಿಯರ ಮನೆಯವರಿಗೆ, ಮತ್ತು ಊರಿನಲ್ಲಿ ಅವರಿಗಾಗಿ ಏನಾದರೂ ನಡೆಸಬೇಕೆಂದಿರುವ ನಾಲ್ಕಾರು ಮಂದಿಗೆ ಈ ಬರಹ. ಬದಿಯಡ್ಕದ ಹತ್ತಿರದ ವಾಚನಾಲಯವೊಂದರಲ್ಲಿ ಗುರುವಾರ ಮಧ್ಯಾಹ್ನ ಹಿರಿಯರನ್ನು ಕೂಡಿಸುವ ಕೆಲಸದಲ್ಲಿ ನಾನೂ ಒಬ್ಬನಾಗಿ, ಬಹುಪಾಲು ತಪ್ಪು ಮಾಡಿಯೇ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಹೊತ್ತು ಕಳೆಯಲು ಜತೆ ಒದಗಿಸಿದರೆ ಹಿರಿಯರು ಎರಡು ವಾರ ಬರುತ್ತಾರೆ. ಅವರಿಲ್ಲದೆ ನಡೆಯದ ಕೆಲಸವೊಂದನ್ನು ಅವರ ಕೈಗೆ ಒಪ್ಪಿಸಿದರೆ ವರ್ಷವಿಡೀ ಬರುತ್ತಾರೆ. ಮುಂದೆ ಹೇಳುವ ಹೆಚ್ಚಿನ ಕ್ರಮಗಳು ಈ ಒಂದು ಅನುಭವದಿಂದಲೇ ಹುಟ್ಟಿದವು.

ಒಡನಾಟಕ್ಕೂ ಮಿದುಳಿಗೂ ಇರುವ ಸಂಬಂಧ

ಡಿಮೆನ್ಶಿಯಾ, ಅಂದರೆ ನೆನಪು ಮತ್ತು ಬುದ್ಧಿಶಕ್ತಿ ಕುಂದುತ್ತ ಹೋಗುವ ಮರೆವಿನ ರೋಗ, ಅದರ ತಡೆಯ ಕುರಿತು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ ನೇಮಿಸಿದ ತಜ್ಞರ ಆಯೋಗವು 2024ರ ವರದಿಯಲ್ಲಿ, ನಾವು ಬದಲಾಯಿಸಬಹುದಾದ 14 ಅಪಾಯಕಾರಿ ಅಂಶಗಳನ್ನು ಪಟ್ಟಿ ಮಾಡಿದೆ. ಕಿವಿ ಮಂದವಾಗುವುದು, ಕಣ್ಣು ಮಂಜಾಗುವುದು, ರಕ್ತದೊತ್ತಡ, ಮಧುಮೇಹ, ಕೆಟ್ಟ ಕೊಲೆಸ್ಟರಾಲ್, ಖಿನ್ನತೆ, ತಲೆಗೆ ಬೀಳುವ ಪೆಟ್ಟು, ಮೈ ಆಡಿಸದಿರುವುದು, ಧೂಮಪಾನ, ಅತಿಯಾದ ಮದ್ಯಪಾನ ಮೊದಲಾದವುಗಳ ಸಾಲಿನಲ್ಲೇ ಜನಸಂಪರ್ಕವಿಲ್ಲದ ಬದುಕೂ ಸೇರಿದೆ. ಈ ಎಲ್ಲವನ್ನೂ ಸರಿಪಡಿಸಲು ಸಾಧ್ಯವಾದರೆ ಜಗತ್ತಿನ ಡಿಮೆನ್ಶಿಯಾ ಪ್ರಕರಣಗಳಲ್ಲಿ ಶೇಕಡಾ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅದರ ಲೆಕ್ಕ. ಅದರಲ್ಲಿ ಕಿವಿಯ ಪಾಲು ಶೇಕಡಾ 7, ಒಂಟಿತನದ ಪಾಲು ಶೇಕಡಾ 5. ಇದು ಇಡೀ ಜನಸಮೂಹಕ್ಕೆ ಹಾಕಿದ ಲೆಕ್ಕವೆಂಬುದನ್ನು ಮರೆಯಬಾರದು. ವಾರಕ್ಕೊಮ್ಮೆ ಕೂಟಕ್ಕೆ ಬಂದ ಅಜ್ಜನಿಗೆ ಮರೆವು ಬರುವುದೇ ಇಲ್ಲ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ.

ಇನ್ನೊಂದು ಎಚ್ಚರವೂ ಬೇಕು. ಜನರೊಂದಿಗೆ ಬೆರೆಯದವರಿಗೆ ಮರೆವು ಬರುತ್ತದೆಯೋ, ಅಥವಾ ಒಳಗೊಳಗೇ ಮರೆವು ಆರಂಭವಾದವರು ನಾಚಿಕೆಯಿಂದ ಜನರ ಸಂಗವನ್ನು ಬಿಡುತ್ತಾರೆಯೋ ಎಂಬುದನ್ನು ಬಿಡಿಸಿ ಹೇಳುವುದು ಸುಲಭವಲ್ಲ, ಎರಡೂ ನಿಜವಿರಬಹುದು. ಮಾತು ಮಿದುಳಿಗೆ ದೊಡ್ಡ ಕೆಲಸ ಕೊಡುತ್ತದೆ ಎಂಬುದಂತೂ ಹೌದು. ಎದುರಿನವರು ಹೇಳಿದ್ದನ್ನು ಕಿವಿಗೊಟ್ಟು ಹಿಡಿಯಬೇಕು, ಅದನ್ನು ತುಸು ಹೊತ್ತು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಅವರ ಮುಖಭಾವ ನೋಡಬೇಕು, ತಕ್ಕ ಶಬ್ದ ಹುಡುಕಬೇಕು, ನಡುವೆ ಬಾಯಿ ಹಾಕದೆ ತಾಳಬೇಕು. ಟಿವಿಯ ಮುಂದೆ ಕುಳಿತವರಿಗೆ ಇದರಲ್ಲಿ ಯಾವುದೂ ಬೇಕಿಲ್ಲ. ಬದುಕಿನುದ್ದಕ್ಕೂ ಹೀಗೆ ದುಡಿದ ಮಿದುಳಿಗೆ ಒಂದು ಬಗೆಯ ಇಡುಗಂಟು ಸೇರಿರುತ್ತದೆ, ಆದ್ದರಿಂದ ಒಳಗೆ ಹಾನಿ ಆರಂಭವಾದರೂ ಹೊರಗೆ ಕಾಣಿಸಿಕೊಳ್ಳುವುದು ತಡವಾಗುತ್ತದೆ ಎಂಬುದು ನರವಿಜ್ಞಾನಿಗಳ ವಿವರಣೆ.

ಈ ಇಡುಗಂಟಿನ ವಿಷಯದಲ್ಲಿ ನಮ್ಮ ಜಿಲ್ಲೆಯವರಿಗೆ ಸ್ವಲ್ಪ ಹೆಮ್ಮೆಗೆ ಅವಕಾಶವಿದೆ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಡಿಮೆನ್ಶಿಯಾ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದೇ ಭಾಷೆ ಬಲ್ಲವರಿಗಿಂತ ಎರಡು ಭಾಷೆ ಬಲ್ಲವರಲ್ಲಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆಯ ಮೆಟ್ಟಿಲು ಹತ್ತದವರಲ್ಲೂ ಈ ಅಂತರವಿತ್ತು. ಬೇರೆ ದೇಶಗಳ ಎಲ್ಲ ಅಧ್ಯಯನಗಳೂ ಇದೇ ಫಲಿತಾಂಶ ಕೊಟ್ಟಿಲ್ಲ, ಮತ್ತು ಆ ಅಧ್ಯಯನದಲ್ಲಿಯೇ ಎರಡಕ್ಕಿಂತ ಹೆಚ್ಚು ಭಾಷೆ ಬಲ್ಲವರಿಗೆ ಹೆಚ್ಚಿನ ಲಾಭ ಕಂಡುಬಂದಿರಲಿಲ್ಲ. ಆದ್ದರಿಂದ ಸಪ್ತಭಾಷೆಗಳ ಸಂಗಮಭೂಮಿಯೆಂದು ವೇದಿಕೆಯ ಮೇಲೆ ಹೇಳಿಕೊಳ್ಳುವ ನಾವು ಏಳು ಪಟ್ಟು ಸುರಕ್ಷಿತರೆಂದು ಬೀಗುವಂತಿಲ್ಲ. ಆದರೂ ಮನೆಯಲ್ಲಿ ಹವ್ಯಕವನ್ನೋ ತುಳುವನ್ನೋ, ಪೇಟೆಯಲ್ಲಿ ಮಲಯಾಳವನ್ನೋ, ಸಭೆಯಲ್ಲಿ ಶಿಷ್ಟ ಕನ್ನಡವನ್ನೋ ಆಡುತ್ತ ಬಂದ ಹಿರಿಯರು ಜನಸಂಪರ್ಕ ತಪ್ಪಿದಾಗ ಆ ಭಾಷೆಗಳನ್ನೂ ಒಂದೊಂದಾಗಿ ಬಿಡುತ್ತಾರೆ. ಅದಾಗದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.

ಮೊದಲು ಎರಡು ವಾರ ಬರೆದಿಡಿ

ಏನನ್ನಾದರೂ ಆರಂಭಿಸುವ ಮೊದಲು ಗೋಡೆಯ ಕ್ಯಾಲೆಂಡರಿನಲ್ಲೇ ಎರಡು ವಾರ ಒಂದು ಲೆಕ್ಕ ಇಡಿ. ಮನೆಯ ಹಿರಿಯರು ಆ ದಿನ ಯಾರೊಂದಿಗೆ ಕಾಲು ಗಂಟೆಗಿಂತ ಹೆಚ್ಚು ಹೊತ್ತು ಮಾತನಾಡಿದರು, ಯಾವ ವಿಷಯ ಮಾತನಾಡಿದರು, ಮಾತು ಅವರೇ ಎತ್ತಿದರೇ ಅಥವಾ ಬರಿಯ ಉತ್ತರ ಕೊಟ್ಟರೇ ಎಂದು ಗುರುತು ಮಾಡಿ. ಊಟ, ಮಾತ್ರೆ, ನಿದ್ದೆಯ ವಿಚಾರಣೆಯನ್ನು ಲೆಕ್ಕಕ್ಕೆ ಸೇರಿಸಬೇಡಿ. ದಿನವೂ ಮಾತನಾಡಿಸುತ್ತೇವೆ ಎಂದುಕೊಂಡ ಮನೆಗಳಲ್ಲೂ ಕ್ಯಾಲೆಂಡರಿನ ಆ ಹದಿನಾಲ್ಕು ಚೌಕಗಳಲ್ಲಿ ಎರಡೋ ಮೂರೋ ಗುರುತು ಮಾತ್ರ ಬಿದ್ದದ್ದನ್ನು ನಾನು ಕಂಡಿದ್ದೇನೆ. ಮೊದಲನೆಯದು ನಮ್ಮದೇ ಮನೆ.

ಇದರ ಜತೆಗೆ ಮರೆವಿನ ಬಗೆಯನ್ನೂ ಗಮನಿಸಿ. ಮದುವೆಮನೆಯಲ್ಲಿ ಕಂಡವರ ಹೆಸರು ತಕ್ಷಣ ಬಾಯಿಗೆ ಬಾರದೆ ರಾತ್ರಿ ಮಲಗಿದಾಗ ನೆನಪಾಗುವುದು, ಕನ್ನಡಕ ಎಲ್ಲಿಟ್ಟೆನೆಂದು ಹುಡುಕುವುದು ವಯಸ್ಸಿನ ಸಹಜ ನಿಧಾನ. ದಿನವೂ ನಡೆದ ತೋಟದ ದಾರಿಯಲ್ಲಿ ತಬ್ಬಿಬ್ಬಾಗುವುದು, ಕಾಲು ಗಂಟೆಯ ಹಿಂದೆ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ನಲವತ್ತು ವರ್ಷ ಮಾಡಿದ ಸಾರಿಗೆ ಏನು ಹಾಕಬೇಕೆಂದು ತಿಳಿಯದೆ ನಿಲ್ಲುವುದು, ಅಡಿಕೆ ಮಾರಿದ ದುಡ್ಡಿನ ಲೆಕ್ಕ ಕೈತಪ್ಪುವುದು ಸಹಜವಲ್ಲ. ಇವಕ್ಕೆ ವೈದ್ಯರ ಸಲಹೆ ಬೇಕು. ನಿನ್ನೆಯವರೆಗೆ ಸರಿಯಿದ್ದವರು ಒಂದೆರಡು ದಿನಗಳಲ್ಲಿ ಏಕಾಏಕಿ ಗೊಂದಲಗೊಂಡು ಏನೇನೋ ಮಾತನಾಡಿದರೆ, ಅದು ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಇಳಿಯುವುದು, ಪಾರ್ಶ್ವವಾಯು ಮುಂತಾದವುಗಳ ಲಕ್ಷಣವಾಗಿರಬಹುದು. ಆಗ ಕಾಯದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು.

ಕಿವಿಯಿಂದ ಆರಂಭಿಸಿ

ಒಡನಾಟದ ಮಾತಿಗೆ ಮೊದಲು ಕಿವಿಯ ಮಾತನ್ನು ಎತ್ತುವುದಕ್ಕೆ ಕಾರಣವಿದೆ. ನನ್ನ ದೊಡ್ಡಪ್ಪ ಊರಿನ ತಾಳಮದ್ದಳೆಗಳಲ್ಲಿ, ಅಂದರೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನ ಕೂಟಗಳಲ್ಲಿ, ಅರ್ಥ ಹೇಳುತ್ತಿದ್ದವರು. ಎಪ್ಪತ್ತೆಂಟರ ಹೊತ್ತಿಗೆ ಎದುರು ಕುಳಿತ ಅರ್ಥಧಾರಿಯ ಪ್ರಶ್ನೆಗೆ ಸಂಬಂಧವಿಲ್ಲದ ಉತ್ತರ ಕೊಡತೊಡಗಿದರು. ಒಮ್ಮೆ ಕರ್ಣನಾಗಿ ಕುಳಿತಿದ್ದಾಗ ಶಲ್ಯನ ಮಾತು ಮುಗಿಯುವ ಮೊದಲೇ ಮುಂದಿನ ಪದ್ಯದ ಅರ್ಥಕ್ಕೆ ಹೋಗಿಬಿಟ್ಟರು. ಸಭೆಯಲ್ಲಿ ಯಾರೋ ನಕ್ಕರು. ಆ ಮೇಲೆ ಅವರು ಕೂಟಗಳಿಗೆ ಹೋಗುವುದನ್ನೇ ನಿಲ್ಲಿಸಿದರು. ಮನೆಯಲ್ಲಿ ನಾವೆಲ್ಲ ಮರೆವು ಶುರುವಾಗಿದೆಯೆಂದು ತೀರ್ಮಾನಿಸಿ, ಅವರಿಗೆ ಕೇಳದಂತೆ ಪಿಸುಗುಟ್ಟುತ್ತಿದ್ದೆವು. ಪಿಸುಗುಟ್ಟುವ ಅಗತ್ಯವೇ ಇರಲಿಲ್ಲವೆಂದು ತಿಳಿದದ್ದು ಮಂಗಳೂರಿನಲ್ಲಿ ಕಿವಿಯ ಪರೀಕ್ಷೆ ಮಾಡಿಸಿದ ಮೇಲೆ.

ವಯಸ್ಸಿನಿಂದ ಬರುವ ಕಿವುಡಿನಲ್ಲಿ ಮೊದಲು ಹೋಗುವುದು ತಾರಸ್ಥಾಯಿಯ ಧ್ವನಿಗಳು. ಮಾತಿನ ಸದ್ದು ಕೇಳಿಸುತ್ತದೆ, ಆದರೆ ಸ, ಶ, ತ, ಪ ಮುಂತಾದ ವ್ಯಂಜನಗಳು ಜಾರಿಹೋಗುವುದರಿಂದ ಮಾತು ಬಿಡಿಸಿಕೊಳ್ಳುವುದು ಕಷ್ಟವಾಗುತ್ತದೆ. ಆದ್ದರಿಂದಲೇ ಅವರು "ನನಗೆ ಕೇಳಿಸುತ್ತದೆ, ನೀವೇ ಸರಿ ಮಾತಾಡುವುದಿಲ್ಲ" ಎನ್ನುತ್ತಾರೆ. ಮೊಮ್ಮಕ್ಕಳ ಮತ್ತು ಹೆಂಗಸರ ಮಾತು ಅವರಿಗೆ ಇನ್ನೂ ಕಷ್ಟ. ಕೂಗಿದರೆ ಉಪಯೋಗವಿಲ್ಲ. ಟಿವಿ, ಮಿಕ್ಸಿಗಳ ಸದ್ದು ನಿಲ್ಲಿಸಿ, ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ ಎದುರು ಕುಳಿತು, ತುಸು ತಗ್ಗಿದ ಸ್ವರದಲ್ಲಿ, ನಿಧಾನವಾಗಿ ಮಾತನಾಡಿ. ಅರ್ಥವಾಗದಿದ್ದರೆ ಅದೇ ವಾಕ್ಯವನ್ನು ಮತ್ತೆ ಹೇಳುವ ಬದಲು ಬೇರೆ ಶಬ್ದಗಳಲ್ಲಿ ಹೇಳಿ.

ಮೊದಲು ವೈದ್ಯರಿಂದ ಕಿವಿಯ ಗುಗ್ಗೆ ತೆಗೆಸಿ. ಕೆಲವರ ಕಿವುಡು ಅಷ್ಟಕ್ಕೇ ಮುಗಿಯುತ್ತದೆ. ಆ ಬಳಿಕ ಶ್ರವಣ ಪರೀಕ್ಷೆ, ಅಗತ್ಯವಿದ್ದರೆ ಶ್ರವಣಯಂತ್ರ. ಬಡತನ ರೇಖೆಯ ಕೆಳಗಿನ ಹಿರಿಯರಿಗೆ ಶ್ರವಣಯಂತ್ರ, ಕನ್ನಡಕ, ಊರುಗೋಲು ಮುಂತಾದವನ್ನು ಒದಗಿಸುವ ರಾಷ್ಟ್ರೀಯ ವಯೋಶ್ರೀ ಎಂಬ ಕೇಂದ್ರದ ಯೋಜನೆ 2017ರಿಂದ ಇದೆ, ಪಂಚಾಯತಿನಲ್ಲಿ ವಿಚಾರಿಸಬಹುದು.

ಯಂತ್ರ ತಂದ ದಿನವೇ ಎಲ್ಲ ಸರಿಹೋಗುವುದಿಲ್ಲ. ನಮ್ಮ ದೊಡ್ಡಪ್ಪನ ಯಂತ್ರ ಮೊದಲ ಎರಡು ತಿಂಗಳು ಕಪಾಟಿನಲ್ಲಿ ಧೋತಿಯ ಕೆಳಗೆ ಇತ್ತು, ಏಕೆಂದರೆ ಅದನ್ನು ಹಾಕಿಕೊಂಡೊಡನೆ ಪಾತ್ರೆಯ ಸದ್ದು, ಫ್ಯಾನಿನ ಸದ್ದು, ಕಾಗೆಯ ಸದ್ದು ಎಲ್ಲವೂ ಒಟ್ಟಿಗೆ ತಲೆಯ ಮೇಲೆ ಬಿದ್ದಂತಾಗುತ್ತಿತ್ತು. ವರ್ಷಗಳಿಂದ ಆ ಸದ್ದುಗಳನ್ನು ಕೇಳದ ಮಿದುಳಿಗೆ ಯಾವುದು ಬೇಕು, ಯಾವುದು ಬೇಡ ಎಂದು ಮತ್ತೆ ಕಲಿಯಲು ವಾರಗಳು ಬೇಕು. ಮೊದಲ ವಾರ ದಿನಕ್ಕೆ ಒಂದು ಗಂಟೆ, ಬಾಗಿಲು ಮುಚ್ಚಿದ ಕೋಣೆಯಲ್ಲಿ, ಒಬ್ಬರೊಂದಿಗೆ ಮಾತ್ರ. ಎರಡನೆಯ ವಾರ ಊಟದ ಹೊತ್ತಿಗೆ. ಆಮೇಲೆ ಜಗುಲಿಗೆ ಬಂದವರೊಂದಿಗೆ. ಕೊನೆಗೆ ಸಭೆಗೆ ಎಂದು ಹಂತ ಮಾಡಿಕೊಂಡೆವು. ಅತ್ತಿಗೆ ದಿನವೂ ಬೆಳಿಗ್ಗೆ ಪತ್ರಿಕೆ ಓದಿ ಹೇಳುವುದೆಂದು ಆಯಿತು. ಒಂಬತ್ತನೆಯದೋ ಹತ್ತನೆಯದೋ ದಿನ ಪತ್ರಿಕೆಯ ನಡುವೆ ತಲೆ ಎತ್ತಿ, "ಒಳಗೆ ಒಗ್ಗರಣೆ ಸೀಯುತ್ತಿದೆ, ಚಟಪಟ ನಿಂತು ಎಷ್ಟು ಹೊತ್ತಾಯಿತು" ಎಂದರು. ನಮ್ಮ ಮಳೆಗಾಲದ ತೇವಕ್ಕೆ ಈ ಯಂತ್ರಗಳು ಬೇಗ ಹಾಳಾಗುತ್ತವೆ. ರಾತ್ರಿ ಬ್ಯಾಟರಿಯ ಬಾಗಿಲು ತೆರೆದು, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣವಿರುವ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಬೇಕು.

ಇದು ಒಂದು ಮನೆಯ ಕಥೆ, ಪುರಾವೆಯಲ್ಲ. ಅಮೆರಿಕದಲ್ಲಿ 70ರಿಂದ 84 ವಯಸ್ಸಿನ 977 ಮಂದಿಯನ್ನು ಮೂರು ವರ್ಷ ಗಮನಿಸಿ 2023ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಶ್ರವಣಯಂತ್ರ ಪಡೆದವರ ಬುದ್ಧಿಶಕ್ತಿಯ ಇಳಿತ ಒಟ್ಟಾರೆಯಾಗಿ ಕಡಿಮೆಯಾಗಲಿಲ್ಲ. ಆದರೆ ಮೊದಲೇ ಹೆಚ್ಚು ಅಪಾಯದಲ್ಲಿದ್ದವರ ಗುಂಪಿನಲ್ಲಿ ಇಳಿತದ ವೇಗ ಶೇಕಡಾ 48ರಷ್ಟು ತಗ್ಗಿತ್ತು. ಕೂಟದಲ್ಲಿ ಕುಳಿತು ಮಾತು ಕೇಳಿಸಿಕೊಳ್ಳುವ ಸುಖ ಅದರ ಮೇಲಿನ ಲಾಭ. ಕಣ್ಣಿನ ಪೊರೆಯ ಬಗ್ಗೆಯೂ ಇದೇ ಮಾತು. ಶಸ್ತ್ರಚಿಕಿತ್ಸೆಯನ್ನು "ಇನ್ನು ಎಷ್ಟು ದಿನಕ್ಕೆ" ಎಂದು ಮುಂದೂಡಬೇಡಿ.

ವೈದ್ಯರಲ್ಲಿ ಕೇಳಬೇಕಾದದ್ದು, ಯಾವ ಭಾಷೆಯಲ್ಲಿ ಕೇಳಬೇಕೆಂಬುದು

ಮರೆವೆಂದು ಕಾಣುವ ಕೆಲವು ತೊಂದರೆಗಳಿಗೆ ಮದ್ದಿದೆ. ಬಿ12 ಜೀವಸತ್ವದ ಕೊರತೆ ಅವುಗಳಲ್ಲಿ ಒಂದು. ಮಾಂಸ, ಮೀನು, ಮೊಟ್ಟೆ ಮುಟ್ಟದ ಮನೆಗಳಲ್ಲಿ ಅದು ಹೆಚ್ಚು. ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಳ್ಳುವವರಲ್ಲಿ ಇನ್ನೂ ಹೆಚ್ಚು. ಥೈರಾಯ್ಡ್ ಕಡಿಮೆಯಾಗುವುದು ಮತ್ತು ಖಿನ್ನತೆಯೂ ಮರೆವಿನ ವೇಷದಲ್ಲಿ ಬರುತ್ತವೆ. ನಿದ್ದೆಯ ಮಾತ್ರೆ, ಕೆಲವು ನೆಗಡಿಯ ಮಾತ್ರೆ, ಪದೇ ಪದೇ ಮೂತ್ರಕ್ಕೆ ಹೋಗುವುದನ್ನು ತಡೆಯುವ ಕೆಲವು ಮಾತ್ರೆಗಳು ಹಿರಿಯರ ತಲೆಯನ್ನು ಮಂಕಾಗಿಸುವುದುಂಟು. ಮನೆಯಲ್ಲಿರುವ ಎಲ್ಲ ಮಾತ್ರೆ, ಕಷಾಯ, ಲೇಹ್ಯಗಳನ್ನು ಒಂದು ಚೀಲಕ್ಕೆ ತುಂಬಿ ವೈದ್ಯರ ಮೇಜಿನ ಮೇಲೆ ಸುರಿಯಿರಿ. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ.

ಗಡಿನಾಡಿನಲ್ಲಿ ಇನ್ನೊಂದು ತೊಡಕಿದೆ, ಅದನ್ನು ಯಾವ ವೈದ್ಯಕೀಯ ಪುಸ್ತಕವೂ ನಮಗಾಗಿ ಬರೆದಿಲ್ಲ. ನೆನಪಿನ ಪರೀಕ್ಷೆಯೆಂದರೆ ಬಹುಪಾಲು ಮಾತಿನ ಪರೀಕ್ಷೆ: ಇವತ್ತು ಯಾವ ತಾರೀಕು, ಈ ಐದು ಶಬ್ದಗಳನ್ನು ನೆನಪಿಡಿ, ನೂರರಿಂದ ಏಳೇಳು ಕಳೆಯುತ್ತ ಬನ್ನಿ. ನಮ್ಮ ಕೂಟದ ಒಬ್ಬ ಅಜ್ಜಿಯನ್ನು ಹೀಗೆ ಪರೀಕ್ಷಿಸಿದ ತರುಣಿ ಮಲಯಾಳದಲ್ಲಿ ಕೇಳಿದಳು, ಸೌಜನ್ಯದಿಂದಲೇ ಕೇಳಿದಳು. ತಾರೀಕು ಯಾವುದೆಂಬ ಪ್ರಶ್ನೆಗೆ ಅಜ್ಜಿ ತಡವರಿಸಿ ಸುಮ್ಮನಾದರು, ಕಾಗದದಲ್ಲಿ ಸೊನ್ನೆ ಬಿತ್ತು. ಹೊರಗೆ ಬಂದ ಮೇಲೆ ನಾನು ಕೇಳಿದೆ. "ಸೋಣ ತಿಂಗಳು ಎಂಟು ಹೋಯಿತಲ್ಲ, ಚೌತಿಗೆ ಇನ್ನೆಷ್ಟು ದಿನ ಉಳಿಯಿತು ಮಗ" ಎಂದು ಬೆರಳು ಮಡಚಿ ಲೆಕ್ಕ ಹಾಕಿದರು. ಲೆಕ್ಕ ಸರಿಯಿತ್ತು. ಸೋಣದಂತಹ ಸೌರ ತಿಂಗಳುಗಳ ಲೆಕ್ಕದಲ್ಲಿ, ಸಂಕ್ರಮಣದಿಂದ ಸಂಕ್ರಮಣಕ್ಕೆ ದಿನ ಎಣಿಸುವವರಿಗೆ ಇಂಗ್ಲಿಷ್ ತಾರೀಕು ತಿಳಿಯದಿರುವುದು ರೋಗವಲ್ಲ. ಆದ್ದರಿಂದ ಪರೀಕ್ಷೆಯ ಮೊದಲೇ ಅವರ ಮನೆಮಾತು ಯಾವುದು, ಎಷ್ಟನೆಯ ತರಗತಿವರೆಗೆ ಓದಿದ್ದಾರೆ, ಕಿವಿ ಎಷ್ಟು ಕೇಳಿಸುತ್ತದೆ ಎಂದು ವೈದ್ಯರಿಗೆ ತಿಳಿಸಿ. ಕನ್ನಡ ಅಥವಾ ತುಳು ಬಲ್ಲ ನರ್ಸ್ ಇದ್ದರೆ ಅವರಿಂದಲೇ ಕೇಳಿಸುವಂತೆ ಕೋರಿ. ಜತೆಗೆ ಹೋದವರು ಉತ್ತರ ಹೇಳಿಕೊಡಬಾರದು, ಪ್ರಶ್ನೆಯನ್ನು ಮಾತ್ರ ಭಾಷಾಂತರಿಸಬೇಕು. ಇದು ಹೇಳಿದಷ್ಟು ಸುಲಭವಲ್ಲ. ಅಪ್ಪ ತಡವರಿಸುವುದನ್ನು ನೋಡುತ್ತ ಮಗ ಸುಮ್ಮನಿರುವುದು ಕಷ್ಟ.

ಮನೆಯೊಳಗೆ: ಕೆಲಸ ಕಸಿದುಕೊಳ್ಳಬೇಡಿ

"ಇಷ್ಟು ವರ್ಷ ದುಡಿದದ್ದು ಸಾಕು, ಇನ್ನು ಸುಮ್ಮನೆ ಕೂತುಕೊಳ್ಳಿ" ಎಂಬುದು ನಮ್ಮ ಮನೆಗಳಲ್ಲಿ ಪ್ರೀತಿಯಿಂದ ಆಡುವ ಮಾತು. ಅದರಿಂದ ಆಗುವ ಕೇಡು ತಡವಾಗಿ ತಿಳಿಯುತ್ತದೆ. ಕೈಯಿಂದ ಕೆಲಸ ಹೋದ ಮೇಲೆ ಆ ಕೆಲಸದ ಸುತ್ತ ಇದ್ದ ಮಾತೂ ಹೋಗುತ್ತದೆ. ಅಡಿಕೆ ಆರಿಸುವ ಅಜ್ಜನ ಬಳಿ ಬಂದು ಕುಳಿತು ಧಾರಣೆ ಕೇಳುತ್ತಿದ್ದ ನೆರೆಯವರು, ಸುಮ್ಮನೆ ಕುಳಿತ ಅಜ್ಜನ ಬಳಿ ಬರುವುದಿಲ್ಲ.

ಹಲಸಿನ ಹಪ್ಪಳದ ದಿನವನ್ನೇ ನೋಡಿ. ಎಪ್ರಿಲ್, ಮೇ ತಿಂಗಳಲ್ಲಿ ಬೆಳೆದ ಕಾಯಿ ಕೊಯ್ದು, ತೊಳೆ ಬಿಡಿಸಿ, ಬೇಯಿಸಿ, ಅರೆದು, ಉಂಡೆ ಕಟ್ಟಿ, ಒತ್ತಿ, ಚಾಪೆಯ ಮೇಲೆ ಹರಡುವ ಈ ಕೆಲಸಕ್ಕೆ ಐದಾರು ಜೋಡಿ ಕೈ ಬೇಕು. ಭಾರ ಎತ್ತುವುದು, ಹೊಗೆಯೊಲೆಯ ಮುಂದೆ ನಿಲ್ಲುವುದು ಹಿರಿಯರಿಗೆ ಬೇಡ. ಕಾಯಿ ಹಪ್ಪಳಕ್ಕೆ ಆಗುವಷ್ಟು ಬಲಿತಿದೆಯೇ, ತೊಳೆ ಬೆಂದದ್ದು ಸಾಕೇ, ಉಪ್ಪು ಮೆಣಸು ಎಷ್ಟು, ಮೋಡ ನೋಡಿ ಇವತ್ತು ಹರಡಬಹುದೇ ಎಂಬ ತೀರ್ಮಾನಗಳು ಮಾತ್ರ ಅವರದೇ ಆಗಿರಲಿ. ಬಾಯಿಮಾತಿಗೆ ಕೇಳುವುದಲ್ಲ, ಅವರು ಹೇಳಿದಂತೆ ಮಾಡಬೇಕು. ನಮ್ಮ ಮನೆಯಲ್ಲಿ ಅತ್ತೆ "ಇನ್ನೂ ಒಂದು ಕುದಿ ಬೇಕು" ಎಂದಾಗ ಹೊತ್ತಾಯಿತೆಂದು ನಾವು ಇಳಿಸಿದೆವು. ಆ ವರ್ಷದ ಹಪ್ಪಳ ಒತ್ತುವಾಗಲೇ ಅಂಚು ಬಿರಿಯಿತು, ಅತ್ತೆ ಅದನ್ನು ಮುಂದಿನ ಹಲಸಿನ ಕಾಲದವರೆಗೂ ನೆನಪಿಟ್ಟುಕೊಂಡಿದ್ದರು. ನೆನಪಿನ ವ್ಯಾಯಾಮಕ್ಕೆ ಅದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ದೂರದಲ್ಲಿರುವ ಮಕ್ಕಳು ಫೋನಿನಲ್ಲಿ ಆರೋಗ್ಯ ವಿಚಾರಿಸುವುದನ್ನು ಎರಡು ನಿಮಿಷದಲ್ಲಿ ಮುಗಿಸಿ, ಉಳಿದ ಹೊತ್ತು ಏನನ್ನಾದರೂ ಕೇಳಿ ಪಡೆಯಲಿ. ಪತ್ರೊಡೆಯ ಮಸಾಲೆಗೆ ಏನೇನು ಹಾಕುತ್ತಿದ್ದಿರಿ, ನೀರಿಗಾಗಿ ಗುಡ್ಡದಲ್ಲಿ ಆ ಸುರಂಗ ಕೊರೆಸಿದ ವರ್ಷ ಯಾವುದು, ನೀರು ಸಿಗುವ ಮೊದಲು ಎಷ್ಟು ಕೋಲು ಒಳಗೆ ಹೋಗಬೇಕಾಯಿತು, ನಮ್ಮ ಮನೆಗೂ ಅವರ ಮನೆಗೂ ಸಂಬಂಧ ಎಲ್ಲಿಂದ ಎಂದು ಕೇಳಿ, ಉತ್ತರ ಬರೆದಿಟ್ಟುಕೊಳ್ಳಿ. ಮರುದಿನ ಅದನ್ನೇ ಎತ್ತಿ ಮುಂದುವರಿಸಿದರೆ ತಾವು ಹೇಳಿದ್ದು ದಾಖಲಾಗುತ್ತಿದೆಯೆಂದು ಅವರಿಗೆ ತಿಳಿಯುತ್ತದೆ. ಒಂದು ತಿಂಗಳ ಬಳಿಕ ಫೋನು ತಡವಾದರೆ ಅವರೇ ಮಾಡುತ್ತಾರೆ.

ಊರಿನಲ್ಲಿ ಕೂಟ ಆರಂಭಿಸುವುದು

ಹತ್ತು ಜನ ಸಾಕು. ಹದಿನೈದಕ್ಕಿಂತ ಹೆಚ್ಚಾದರೆ ಅದು ಸಭೆಯಾಗುತ್ತದೆ, ಸಭೆಯಲ್ಲಿ ಇಬ್ಬರು ಮಾತನಾಡಿ ಉಳಿದವರು ತೂಕಡಿಸುತ್ತಾರೆ. ನಾವು ಮೊದಲ ದಿನ ನಲವತ್ತು ಕುರ್ಚಿ, ಮೈಕು, ಉದ್ಘಾಟನೆ, ಶಾಲು ಎಲ್ಲ ಇಟ್ಟುಕೊಂಡಿದ್ದೆವು. ಎರಡನೆಯ ವಾರ ಏಳು ಜನ ಬಂದರು. ಅಲ್ಲಿಂದಲೇ ನಿಜವಾದ ಕೂಟ ಶುರುವಾಯಿತು.

ಜಾಗ ಹುಡುಕುವಾಗ ಮೊದಲು ಶೌಚಾಲಯ ನೋಡಿ. ಅದು ಹತ್ತಿರ, ಮೆಟ್ಟಿಲಿಲ್ಲದೆ, ಹಿಡಿದುಕೊಳ್ಳಲು ಏನಾದರೂ ಇರುವಂತೆ ಇಲ್ಲದಿದ್ದರೆ ಹೆಂಗಸರು ಎರಡನೆಯ ಸಲ ಬರುವುದಿಲ್ಲ, ಕಾರಣವನ್ನು ಹೇಳುವುದೂ ಇಲ್ಲ. ವಾಚನಾಲಯ, ಭಜನಾ ಮಂದಿರ, ರಜಾದಿನದ ಶಾಲೆ, ಅಂಗನವಾಡಿಯ ಹಜಾರ ಯಾವುದಾದರೂ ಆದೀತು. ಎಲ್ಲ ಜಾತಿ ಮತಗಳ ಹಿರಿಯರು ಸಂಕೋಚವಿಲ್ಲದೆ ಕಾಲಿಡುವಂತಿರಬೇಕು, ಆ ಲೆಕ್ಕದಲ್ಲಿ ವಾಚನಾಲಯಕ್ಕೆ ಮೊದಲ ಮಣೆ. ಹೊತ್ತು ಮಧ್ಯಾಹ್ನ ಮೂರರಿಂದ ಐದು. ಊಟದ ನಂತರದ ನಿದ್ದೆ ಮುಗಿದಿರುತ್ತದೆ, ಕತ್ತಲಾಗುವ ಮೊದಲು ಮನೆ ಸೇರಬಹುದು. ಒಂದೇ ದಾರಿಯ ನಾಲ್ವರಿಗೆ ಒಂದು ರಿಕ್ಷಾ ಗೊತ್ತು ಮಾಡಿ ಬಾಡಿಗೆ ಹಂಚಿಕೊಳ್ಳುವಂತೆ ಮಾಡಿ. ಪರಿಚಯದ ಡ್ರೈವರೇ ಪ್ರತಿವಾರ ಬಂದರೆ ಸಂಕದವರೆಗೆ ಕೈಹಿಡಿದು ಕರೆತರುತ್ತಾನೆ. ಚಹಾಕ್ಕೆ ಸಕ್ಕರೆ ಬೇರೆಯಾಗಿಡಿ, ಲಡ್ಡು ಮೈಸೂರುಪಾಕುಗಳ ಔದಾರ್ಯವನ್ನು ನಯವಾಗಿ ಬೇಡವೆನ್ನಿ.

ಪ್ರತಿಯೊಬ್ಬರಿಗೂ ಒಂದು ಹೊಣೆ ಇರಲಿ. ನಮ್ಮಲ್ಲಿ ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರು ಹಾಜರಿ ಬರೆಯುತ್ತಾರೆ. ಯಾರು ಬರಲಿಲ್ಲವೋ ಅವರ ಮನೆಗೆ ಅಂದೇ ಸಂಜೆ ಫೋನು ಮಾಡುವುದೂ ಅವರದೇ ಕೆಲಸ. ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಒಬ್ಬರು ಚಹಾದ ಲೆಕ್ಕ ನೋಡುತ್ತಾರೆ, ಐದು ರೂಪಾಯಿ ವ್ಯತ್ಯಾಸವಾದರೂ ಬಿಡುವುದಿಲ್ಲ. ಓದಲು ಬಾರದವರಿಗೆ ಬೇರೆ ಹೊಣೆಗಳಿವೆ: ಗಾದೆ, ಒಗಟು, ಪಾಡ್ದನಗಳ (ತುಳು ಕಥನಹಾಡುಗಳ) ಸಾಲು ಅವರ ಬಾಯಲ್ಲಿದೆ, ಅದನ್ನು ಬರೆದುಕೊಳ್ಳಲು ಪಕ್ಕದ ಶಾಲೆಯ ಮಕ್ಕಳನ್ನು ಕೂರಿಸಿ.

ಎರಡು ಗಂಟೆಯಲ್ಲಿ ಇಪ್ಪತ್ತು ನಿಮಿಷವಾದರೂ ಮೈ ಆಡಬೇಕು. ಅರವತ್ತೈದು ದಾಟಿದವರಿಗೂ ವಾರಕ್ಕೆ 150 ನಿಮಿಷದ ಮಧ್ಯಮ ನಡಿಗೆಯಂತಹ ಚಟುವಟಿಕೆ, ಮೂರು ದಿನವಾದರೂ ಸಮತೋಲದ ಅಭ್ಯಾಸ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಕುರ್ಚಿಯ ಬೆನ್ನು ಹಿಡಿದು ಒಂದು ಕಾಲಲ್ಲಿ ನಿಲ್ಲುವುದು, ಕೈ ಊರದೆ ಕುರ್ಚಿಯಿಂದ ಏಳುವುದು ಮುಂತಾದವನ್ನು ಕಲಿಸಿದರೆ ಉಳಿದ ದಿನ ಮನೆಯಲ್ಲೇ ಮಾಡುತ್ತಾರೆ.

ಉಳಿದ ಹೊತ್ತಿಗೆ ಈ ನೆಲದಲ್ಲೇ ಸಿದ್ಧವಾಗಿರುವ ಚಟುವಟಿಕೆ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ; ಕುಳಿತಲ್ಲೇ ಭಾಗವತರ ಪದ್ಯ ಕೇಳಿ, ಅದರ ಅರ್ಥವನ್ನು ತನ್ನದೇ ಮಾತಿನಲ್ಲಿ ಬೆಳೆಸಿ, ಎದುರಾಳಿ ಹಾಕಿದ ಪ್ರಶ್ನೆಯನ್ನು ಮರೆಯದೆ ಹಿಡಿದು, ಪುರಾಣದ ಇನ್ನೊಂದು ಸಂದರ್ಭವನ್ನು ಎಳೆದು ತಂದು ಉತ್ತರಿಸಬೇಕು. ನೆನಪು, ಗಮನ, ಭಾಷೆ, ತರ್ಕ ನಾಲ್ಕಕ್ಕೂ ಏಕಕಾಲಕ್ಕೆ ಕೆಲಸ. ಅಭ್ಯಾಸವಿಲ್ಲದವರಿಗೆ ಇದನ್ನು ಸರಳಗೊಳಿಸಬಹುದು: ಒಂದೇ ಪದ್ಯ, ಇಬ್ಬರು, ತಲಾ ಮೂರು ನಿಮಿಷ. ಕೈಕೇಯಿ ಕೇಳಿದ್ದು ತಪ್ಪೇ ಎಂಬ ಒಂದು ಪ್ರಶ್ನೆ ಎತ್ತಿದರೆ, ಅರ್ಥ ಹೇಳಲು ಬಾರದೆಂದು ಹಿಂದೆ ಸರಿದಿದ್ದ ಹೆಂಗಸರೇ ಒಂದು ಗಂಟೆ ವಾದಿಸುತ್ತಾರೆ. ಈ ಕಥೆಗಳು ತಮ್ಮವಲ್ಲವೆನ್ನುವವರಿಗೂ ವಾದಕ್ಕೆ ವಸ್ತು ಬೇಕಷ್ಟೆ. ರಬ್ಬರ್ ಹಾಕಿದ್ದು ಲಾಭವೋ ಅಡಿಕೆಯೇ ಸಾಕಿತ್ತೋ ಎಂಬ ಚರ್ಚೆ ನಮ್ಮಲ್ಲಿ ಎರಡು ಗುರುವಾರ ನಡೆಯಿತು.

ಕೂಟದ ಭಾಷೆಯ ಬಗ್ಗೆ ನಿಯಮ ಮಾಡಬೇಡಿ. ಕನ್ನಡದಲ್ಲಿ ಆರಂಭವಾದ ಮಾತು ನಗುವ ಹೊತ್ತಿಗೆ ತುಳುವಿಗೆ ಜಾರುತ್ತದೆ, ಬೈಯುವ ಹೊತ್ತಿಗೆ ಮಲಯಾಳಕ್ಕೆ. ಜಾರಲಿ.

ಸರಕಾರದ ಕಡೆಯಿಂದ ಸಿಗುವ ಸಹಾಯವನ್ನೂ ಬಿಡಬಾರದು. ಗ್ರಾಮಸಭೆಯಲ್ಲಿ ವಿಷಯ ಎತ್ತಿದರೆ ಪಂಚಾಯತಿನ ಯೋಜನೆಯಲ್ಲಿ ಹಿರಿಯರಿಗಾಗಿ ಹಣ ಇಡಿಸಬಹುದು. ಕೇರಳದ ಹಲವು ಪಂಚಾಯತುಗಳು ಪಗಲ್‌ವೀಡು ಎಂಬ ಹಗಲುಮನೆಗಳನ್ನು ನಡೆಸುತ್ತವೆ. 1998ರಲ್ಲಿ ಆರಂಭವಾದ, ಕೇರಳ ಸರಕಾರದ ಮಹಿಳಾ ಸ್ವಸಹಾಯ ಯೋಜನೆಯಾದ ಕುಟುಂಬಶ್ರೀಯ ನೆರೆಕೂಟಗಳಿಗೆ ಯಾವ ಮನೆಯಲ್ಲಿ ಯಾರು ಒಂಟಿಯಾಗಿದ್ದಾರೆಂಬುದು ನಮಗಿಂತ ಚೆನ್ನಾಗಿ ತಿಳಿದಿರುತ್ತದೆ, ಆಶಾ ಕಾರ್ಯಕರ್ತೆಗೂ ಹಾಗೆಯೇ. 1969ರ ಕೇರಳ ಅಧಿಕೃತ ಭಾಷಾ ಶಾಸನ ಇಲ್ಲಿನ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರಿ ಕಚೇರಿಗಳೊಂದಿಗೆ ತಮ್ಮ ಭಾಷೆಯಲ್ಲೇ ವ್ಯವಹರಿಸುವ ಹಕ್ಕು ಕೊಟ್ಟಿದೆ; ಅರ್ಜಿಯನ್ನು ಕೂಟದ ಹಿರಿಯರಿಂದಲೇ ಕನ್ನಡದಲ್ಲಿ ಬರೆಸಿ. ಅರ್ಜಿ ಬರೆಯುವುದರಲ್ಲಿ ನಮ್ಮ ಜಿಲ್ಲೆಯ ಹಿರಿಯರಿಗೆ, ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದಲೂ ಅಭ್ಯಾಸವಿದೆ. ಹಿರಿಯರ ತೊಂದರೆಗಳಿಗೆ 14567, ಮನಸ್ಸಿನ ಆರೋಗ್ಯದ ಸಲಹೆಗೆ ಟೆಲಿ ಮಾನಸ್‌ನ 14416, ಎರಡೂ ಉಚಿತ ಸಹಾಯವಾಣಿಗಳು. ಈ ಎರಡು ಸಂಖ್ಯೆಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಫೋನಿನ ಪಕ್ಕದ ಗೋಡೆಗೆ ಅಂಟಿಸಿ.

ಮಳೆಗಾಲದ ಏರ್ಪಾಡು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುರಕಲ್ಲಿನ ಮೆಟ್ಟಿಲುಗಳಲ್ಲಿ ಪಾಚಿ ಕಟ್ಟುತ್ತದೆ, ಸಂಕ ಜಾರುತ್ತದೆ. ಬಿದ್ದು ತಲೆಗೆ ಪೆಟ್ಟಾದರೆ ಕೂಟದಿಂದ ಆದ ಲಾಭವೆಲ್ಲ ಒಂದು ಕ್ಷಣದಲ್ಲಿ ಹೋಗುತ್ತದೆ. ಆದ್ದರಿಂದ ಆಟಿ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ನಾವು ಕೂಟವನ್ನು ನಿಲ್ಲಿಸಿ ಫೋನಿನ ಸರಪಳಿ ನಡೆಸುತ್ತೇವೆ. ಮೊದಲನೆಯವರು ಎರಡನೆಯವರಿಗೆ ಫೋನು ಮಾಡಿ ಒಂದು ಕಥೆಯ ಮೊದಲ ಭಾಗ ಹೇಳಬೇಕು. ಎರಡನೆಯವರು ಅದನ್ನು ಮೂರನೆಯವರಿಗೆ ಹೇಳಿ ತಮ್ಮದೊಂದು ಭಾಗ ಸೇರಿಸಬೇಕು. ಹತ್ತನೆಯವರಿಂದ ಮೊದಲನೆಯವರಿಗೆ ಮರಳುವ ಹೊತ್ತಿಗೆ ನರಿ ಹುಲಿಯಾಗಿರುತ್ತದೆ, ಮದುವೆ ಜಗಳವಾಗಿರುತ್ತದೆ. ಕರೆಂಟು ಹೋಗಿ ಮೊಬೈಲ್ ಸತ್ತಿರುವ ದಿನಗಳಿಗೆ ನಮ್ಮ ಬಳಿ ಉಪಾಯವಿಲ್ಲ. ಮರುದಿನ ಯಾರಾದರೂ ಹೋಗಿ ನೋಡಿಕೊಂಡು ಬರುತ್ತಾರೆ.

ಮರೆವು ಈಗಾಗಲೇ ಇರುವವರನ್ನು ಕೂಟದಿಂದ ಹೊರಗಿಡಬೇಡಿ. ಅವರಿಗೆ "ನಾನು ಯಾರು ಹೇಳಿ ನೋಡುವ" ಎಂಬ ಪರೀಕ್ಷೆ ಬೇಡ. ಬಂದೊಡನೆ ನೀವೇ ಹೆಸರು, ಮನೆ ಹೇಳಿ ಕುಳಿತುಕೊಳ್ಳಿ. ಹಳೆಯ ನೆನಪು ಹೊಸದಕ್ಕಿಂತ ತಡವಾಗಿ ಮಾಸುವುದರಿಂದ ಭಜನೆಯ ಸಾಲು, ಬಾಲ್ಯದ ಶಾಲೆ, ಹಳೆಯ ಜಾತ್ರೆಗಳ ಮಾತು ಎತ್ತಿ. ಕೊನೆಗೆ ಕಲಿತ ಭಾಷೆ ಮೊದಲು ಕೈಬಿಟ್ಟು ಅವರು ಮನೆಮಾತಿಗೇ ಮರಳಿದರೆ ನೀವೂ ಅದಕ್ಕೇ ಮರಳಿ. ನೋಡಿಕೊಳ್ಳುವ ಸೊಸೆಗೋ ಮಗಳಿಗೋ ಆ ಎರಡು ಗಂಟೆ ಬಿಡುವು ಸಿಗುತ್ತದೆ. ಅವರು ಕೂಟದಲ್ಲೇ ಕಾದು ಕುಳಿತಿರಬೇಕೆಂದು ಒತ್ತಾಯಿಸಬೇಡಿ.

ಬರುವುದಿಲ್ಲ ಎನ್ನುವವರು

ಪ್ರತಿ ಊರಿನಲ್ಲಿ ಇಬ್ಬರು ಮೂವರು ಇರುತ್ತಾರೆ. ಕರೆಯಲು ಹೋದವರಿಗೆ ಕಾಫಿ ಕೊಟ್ಟು, "ಅದೆಲ್ಲ ಮುದುಕರಿಗೆ" ಎಂದು ಕಳುಹಿಸುತ್ತಾರೆ. ಏಕಾಂತವನ್ನು ಮೆಚ್ಚಿ ಓದಿಕೊಂಡು, ತೋಟ ಸುತ್ತಿಕೊಂಡು ನೆಮ್ಮದಿಯಾಗಿರುವವರನ್ನು ಎಳೆದು ತರುವ ಅಗತ್ಯವೂ ಇಲ್ಲ. ಆದರೆ ಹೆಂಡತಿಯೋ ಗಂಡನೋ ತೀರಿಕೊಂಡ ಬಳಿಕ ಬಾಗಿಲು ಹಾಕಿಕೊಂಡವರನ್ನು ಬಿಡಬಾರದು. ಅವರ ಬಳಿ ಕೂಟದ ಮಾತನ್ನೇ ಎತ್ತದೆ, ಅವರಿಂದ ಮಾತ್ರ ಆಗುವ ಒಂದು ಸಹಾಯ ಕೇಳಿ.

ನಮ್ಮ ಊರಿನಲ್ಲಿ ಮೂವತ್ತು ವರ್ಷ ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಮಾಡಿದ ಒಬ್ಬರಿದ್ದರು. ಮೂರು ಸಲ ಕರೆದರೂ ಬಂದಿರಲಿಲ್ಲ. ವಾಚನಾಲಯದ ಹಳೆಯ ಆಂಪ್ಲಿಫೈಯರ್ ಗೊರಗೊರ ಎನ್ನುತ್ತಿದೆ, ಒಮ್ಮೆ ನೋಡುತ್ತೀರಾ ಎಂದು ಒಂದು ಬುಧವಾರ ಕೇಳಿದೆವು. ಅವರು ಸ್ಕ್ರೂಡ್ರೈವರ್ ಚೀಲ ಹಿಡಿದು ಬಂದು, ಮುಚ್ಚಳ ತೆಗೆದು, ಮೂಗಿಗೆ ಹತ್ತಿರ ಹಿಡಿದು ವಾಸನೆ ನೋಡಿ, ಒಂದು ಕೆಪಾಸಿಟರ್ ಹೋಗಿದೆ, ಕಾಸರಗೋಡಿನಿಂದ ತರಿಸಬೇಕು, ನಾಳೆ ಬರುತ್ತೇನೆ ಎಂದರು. ನಾಳೆ ಗುರುವಾರವೆಂದು ನಾವು ಯಾರೂ ಹೇಳಲಿಲ್ಲ.